ಬೀಜ ‘ಪ್ರಾರಂಭಿಸುವುದು’: ಅಗೆ, ನೇಜಿ, ಒಟ್ಲು, ಯಾವುದು ಸರಿ?

ಎಲ್ಲರಿಗೂ ನಮಸ್ಕಾರ. ಉಡುಪಿಯಿಂದ ಒಂದು ಪದದ ತಕರಾರು ತಂದಿದ್ದೇನೆ.

ನನ್ನ ಅಕ್ಕನ ಮಗಳು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿದ್ದಾಳೆ. ಅಲ್ಲಿನ ಕನ್ನಡದವರಿಗೆ ಹಂಚಲು ಒಂದು ಪುಟದ ಬರಹ ಮಾಡಿ, “ಮಾವ, ಕನ್ನಡ ಸ್ವಲ್ಪ ನೋಡಿ ಕೊಡಿ” ಅಂತ ಕಳಿಸಿದಳು. ತಲೆಬರಹ: ‘ಒಳಾಂಗಣ ಬೀಜ ಪ್ರಾರಂಭ’. ಇಂಗ್ಲಿಷಿನ ‘ಇಂಡೋರ್ ಸೀಡ್ ಸ್ಟಾರ್ಟಿಂಗ್’, ಅಂದರೆ ಮನೆಯೊಳಗೆ ಬೀಜ ಹಾಕಿ ಸಸಿ ಎಬ್ಬಿಸುವುದು, ಅದನ್ನು ಫೋನಿಗೆ ಕೊಟ್ಟು ಅನುವಾದ ಮಾಡಿಸಿದ್ದಂತೆ. ಸ್ಟಾರ್ಟ್ ಮಾಡಲು ಬೀಜ ಏನು ಬೈಕಾ? ‘ಒಳಾಂಗಣ’ ಅಂದರೆ ನನಗೆ ಶಟಲ್ ಆಡುವ ಜಾಗವೇ ಕಣ್ಣಿಗೆ ಬರುವುದು. ಅದನ್ನು ‘ಮನೆಯೊಳಗೆ’ ಮಾಡಿದೆ. ಉಳಿದದ್ದು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ.

ಅಲ್ಲಿ ಬೇಸಿಗೆ ಚಿಕ್ಕದು. ಮಾರ್ಚಿನಲ್ಲಿ ಇನ್ನೂ ಹಿಮ ಇರುತ್ತದೆ. ಮೇ ತಿಂಗಳಲ್ಲೂ ಕೆಲವು ರಾತ್ರಿ ಎಲೆ ಸುಟ್ಟುಹೋಗುವಷ್ಟು ಚಳಿ. ಆ ಚಳಿ ಮುಗಿಯುವ 6ರಿಂದ 8 ವಾರ ಮೊದಲೇ ಟೊಮೆಟೊ ಬೀಜವನ್ನು ಮನೆಯೊಳಗೆ ಟ್ರೇಯಲ್ಲಿ ಹಾಕಿ, ಲೈಟಿನ ಕೆಳಗೆ ಇಡುತ್ತಾರೆ. ಕ್ಯಾಪ್ಸಿಕಂಗೆ ಇನ್ನೂ ಎರಡು ವಾರ ಜಾಸ್ತಿ ಬೇಕು. ಬೀಜದೆಲೆ ಎರಡು ಬಂದು, ಅದರ ಮೇಲೆ ನಿಜವಾದ ಎಲೆ ಮೂಡಿದ ಮೇಲೆ ಒಂದೊಂದನ್ನೇ ಬೇರೆ ಕುಂಡಕ್ಕೆ ಬದಲಿಸುತ್ತಾರೆ.

ವಿಡಿಯೋ ಕಾಲ್‌ನಲ್ಲಿ ಟ್ರೇ ತೋರಿಸಿದಾಗ ಅಮ್ಮ ಕನ್ನಡಕ ಮೇಲೆತ್ತಿ, “ಒಳ್ಳೆ ನೇಜಿಯ ಹಾಗೆ ಉಂಟಲ್ಲ!” ಅಂದರು. ‘ಹಾಗೆ’ ಅಂದರು, ನೇಜಿ ಅನ್ನಲಿಲ್ಲ. ನಮ್ಮ ಕಡೆ ನೇಜಿ ಅಂದರೆ ಭತ್ತದ ಸಸಿ ಮಾತ್ರ. ಟೊಮೆಟೊ ನೇಜಿ ಅಂದರೆ ಗದ್ದೆ ಕಂಡವರು ನಗುತ್ತಾರೆ. ತುಳುವಿನ ‘ದೈ’ ಯಾವ ಗಿಡಕ್ಕೂ ಆಗುತ್ತದೆ. ಆದರೆ ಬದಲಿಸಿ ನೆಡಲೆಂದೇ ಎಬ್ಬಿಸಿದ ಸಸಿ ಅನ್ನುವ ವಿಶೇಷ ಅದರಲ್ಲಿ ಇಲ್ಲ.

ಮೈಸೂರು ಕಡೆಯವರ ‘ಒಟ್ಲು’ ಸರಿಹೋಗಬಹುದಿತ್ತು. ಆದರೆ ಒಟ್ಲು ಅಂದಾಗ ನೆಲದಲ್ಲಿ ಮಾಡಿದ ಪಾತಿಯೇ ಮನಸ್ಸಿಗೆ ಬರುತ್ತದೆ, ಪ್ಲಾಸ್ಟಿಕ್ ಟ್ರೇ ಅಲ್ಲ. ಹಾಗಾಗಿ ನನ್ನ ಓಟು ‘ಅಗೆ’ಗೆ. ಮಲೆನಾಡಿನಲ್ಲಿ ಅಗೆ ಹಾಕುತ್ತಾರೆ, ಬೇರೆ ಕಡೆ ನೆಡಲು ಸಸಿ ಎಬ್ಬಿಸುವುದಕ್ಕೆ ಹಾಗನ್ನುವುದು. ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿಯ ‘ಅಗಿ ಹಚ್ಚುತ್ತಾರೆ’. ಅಂದರೆ ತರಕಾರಿಗೂ ನಡೆಯುತ್ತದೆ, ಅಲ್ವಾ? ‘ಮನೆಯೊಳಗೆ ಟೊಮೆಟೊ ಅಗೆ ಹಾಕುವುದು’ ಅಂತ ತಿದ್ದಿ ಕಳಿಸಿದೆ. ಅವಳಿಂದ ಮರುಪ್ರಶ್ನೆ: “ಅಗೆ ಅಂದರೆ ನೆಲ ಅಗೆಯುವುದಲ್ವಾ ಮಾವ?” ಈ ಗೊಂದಲ ಬೇರೆಯವರಿಗೂ ಬಂದೀತೇ? ಇಲ್ಲ, ಊರು ಬಿಟ್ಟವರಿಗೆ ಮಾತ್ರವಾ?

ಒಳಗೆ ಸಸಿ ಎಬ್ಬಿಸುವುದು ನಮಗೇನೂ ಹೊಸದಲ್ಲ. ಅವರಿಗೆ ಚಳಿಯ ಭಯ, ನಮಗೆ ಮಳೆಯದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಸುರಿಯುವ ಊರಿದು. ಮಳೆಗಾಲಕ್ಕೆ ಮೊದಲು ಬರುವ ತುಳುವರ ದಿನ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ 24ರ ಆಸುಪಾಸು, ಅಮ್ಮ ಜಗಲಿಯ ತುದಿಯಲ್ಲಿ ಗೆರಟೆಗಳನ್ನು (ತೆಂಗಿನ ಚಿಪ್ಪು) ಸಾಲಾಗಿ ಇಡುತ್ತಿದ್ದರು. ಕಣ್ಣು ತೂತು ಮಾಡಿದ ಗೆರಟೆ. ಅದರಲ್ಲಿ ಸುಡುಮಣ್ಣು, ಒಣಗಿದ ಸೆಗಣಿ ಪುಡಿ, ಎರಡು ಮುಳ್ಳುಸೌತೆ ಬೀಜ. ನೆಡುವಾಗ ಗೆರಟೆ ಒಡೆದು ಮಣ್ಣಿನ ಹೆಂಟೆ ಸಮೇತ ಇಡುವುದು. ಸೌತೆ ಜಾತಿಗೆ ಬೇರು ಅಲುಗಿದರೆ ಆಗುವುದಿಲ್ಲ. ಮಣ್ಣು ಸುಟ್ಟರೆ ಸಸಿಯ ಬುಡ ಕೊಳೆಯುವುದು ಕಡಿಮೆ. ಅಲ್ಲಿಯವರು ಅಂಗಡಿಯಿಂದ ರೋಗವಿಲ್ಲದ ಮಿಶ್ರಣ ತರುವುದೂ ಅದಕ್ಕೇ. ಅವಳ ಬರಹದಲ್ಲಿದ್ದ ‘ಕ್ರಿಮಿರಹಿತ ಮಾಧ್ಯಮ’ ಹೊಡೆದು ಸುಮ್ನೆ ‘ಸುಡುಮಣ್ಣಿನಂಥ ಹಗುರ ಮಣ್ಣು’ ಅಂತ ಬರೆದೆ. ಹೆಚ್ಚಾಯಿತಾ?

ಇನ್ನೆರಡು ಕಡೆ ಸಿಕ್ಕಿಕೊಂಡಿದ್ದೇನೆ.

‘ಕೊನೆಯ ಮಂಜು’ ಅಂತ ಬರೆದಿದ್ದಾಳೆ. ನಮಗೆ ಮಂಜು ಅಂದರೆ ಬೆಳಿಗ್ಗೆ ದಾರಿ ಮುಚ್ಚುವುದು, ಗಿಡ ಸಾಯಿಸುವುದಲ್ಲ. ಹಿಮ ಅಂದರೆ ಆಕಾಶದಿಂದ ಬೀಳುವುದು. ಇಲ್ಲಿ ಹೇಳಬೇಕಾದ್ದು ಎಲೆಯ ಮೇಲಿನ ಇಬ್ಬನಿಯೇ ಗಟ್ಟಿಯಾಗುವ ಚಳಿ. ‘ಹೆಪ್ಪುಮಂಜು’ ಅಂದರೆ ನಡೆದೀತಾ? ಹೆಪ್ಪು ಕೇಳಿದರೆ ನನಗೆ ಮೊಸರು ನೆನಪಾಗುತ್ತದೆ.

ಇನ್ನೊಂದು, ನೆಡುವ ಮೊದಲು 7ರಿಂದ 10 ದಿನ ಸಸಿಗಳನ್ನು ಹೊರಗಿಟ್ಟು ಒಳಗೆ ತರುವ ಕೆಲಸ. ಮೊದಲ ದಿನ ಒಂದೆರಡು ಗಂಟೆ ನೆರಳಲ್ಲಿ, ಆಮೇಲೆ ನಿಧಾನಕ್ಕೆ ಬಿಸಿಲು, ಗಾಳಿ. ಅವಳು ‘ಗಟ್ಟಿಗೊಳಿಸುವಿಕೆ’ ಅಂದಿದ್ದಾಳೆ, ಸಿಮೆಂಟಿಗೆ ಹೇಳಿದ ಹಾಗಿದೆ. ನಾನು ‘ಬಿಸಿಲಿಗೆ ಒಗ್ಗಿಸುವುದು’ ಅಂತ ಹಾಕಿದೆ. ಅಮ್ಮನನ್ನು ಕೇಳಿದರೆ, “ಅದಕ್ಕೆಂಥ ಹೆಸರು? ಹೊರಗೆ ಇಟ್ಟು ಒಳಗೆ ತರುವುದು ಅಷ್ಟೆ” ಅಂದರು.

ನಿಮ್ಮೂರಿನ ಸಸಿ ಮಾರುವವರು, ನರ್ಸರಿಯವರು ಈ ಕೆಲಸಕ್ಕೆ ಏನನ್ನುತ್ತಾರೆ? ಕುಂದಾಪುರ, ಸುಳ್ಯ, ಶಿರಸಿಯ ಕಡೆಯವರು ಬರೆದರೆ ಒಳ್ಳೆಯದು. ಬರಹ ಇನ್ನೂ ಅಚ್ಚಿಗೆ ಹೋಗಿಲ್ಲ.