ಸೈಟಿನ ಅಗ್ರಿಮೆಂಟ್ ನನ್ನ ಹತ್ತಿರ, ಕ್ರಯಪತ್ರ ಬೇರೆಯವರ ಹತ್ತಿರ. ಜಾಗ ಯಾರದು?

ಉಲ್ಲಾಳದ ಮಂಜ

ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ. 2023ರ ಮಾರ್ಚಿನಲ್ಲಿ ಬೆಂಗಳೂರಿನ ಉಲ್ಲಾಳದ ಹತ್ತಿರ ಒಂದು 20×30 ಸೈಟಿಗೆ ಅಗ್ರಿಮೆಂಟ್ ಮಾಡಿಕೊಂಡೆ. ಒಟ್ಟು 42 ಲಕ್ಷ, ಮುಂಗಡ 9 ಲಕ್ಷ. ದುಡ್ಡು ಬ್ಯಾಂಕ್ ಮೂಲಕವೇ ಕೊಟ್ಟಿದ್ದೇನೆ. 2024ರ ಫೆಬ್ರವರಿ ಕೊನೆಯೊಳಗೆ ಕ್ರಯಪತ್ರ ಮಾಡಿಕೊಡುತ್ತೇನೆ ಅಂತ ಬರೆದಿದೆ. ಬರೀ ನೋಟರಿ ಆಗಿದೆ, ರಿಜಿಸ್ಟರ್ ಮಾಡಿಸಿಲ್ಲ. ಆಮೇಲೆ ಖಾತೆ ಆಗಲಿ, ಅಣ್ಣನ ಸಹಿ ಬಾಕಿ ಇದೆ, ಆಷಾಢ ಮುಗಿಯಲಿ ಅಂತ ಓನರ್ ಎಳೆಯುತ್ತಲೇ ಬಂದರು. ನಾನೂ ಸುಮ್ನೆ ನಂಬಿದೆ. ಜಾಗಕ್ಕೆ ತಂತಿ ಬೇಲಿ ಹಾಕಿಸಿ, ಗೇಟಿಗೆ ಬೀಗವನ್ನೂ ಹಾಕಿದ್ದೆ.

ಹೋದ ವಾರ ಪಕ್ಕದ ಮನೆ ಆಂಟಿ ಫೋನ್ ಮಾಡಿದರು. ‘ನಿಮ್ಮ ಬೀಗ ಒಡೆದಿದ್ದಾರೆ ಕಣಪ್ಪ, ಯಾರೋ ತೆಂಗಿನಕಾಯಿ ಹಿಡ್ಕೊಂಡು ಬೋರ್‌ವೆಲ್ ಪಾಯಿಂಟ್ ನೋಡ್ತಿದ್ದಾರೆ’ ಅಂದರು. ಇ.ಸಿ. (ಋಣಭಾರ ಪತ್ರ) ತೆಗೆಸಿದರೆ ಕ್ರಯಪತ್ರ ಬೇರೆಯವರ ಹೆಸರಿಗೆ ಆಗಿಹೋಗಿದೆ! ಸ್ಟೇಷನ್ನಿಗೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಅಂತ ಕಳಿಸಿದರು. ‘ಆಸ್ತಿ ಕೇಸು, 12 ವರ್ಷ ಟೈಮ್ ಇದೆ, ಗಾಬರಿ ಬೇಡ’ ಅನ್ನುತ್ತಾರೆ ನಮ್ಮ ಮಾವ. ಮೊದಲು ಅಗ್ರಿಮೆಂಟ್ ಮಾಡಿಕೊಂಡವನು ನಾನು, ಜಾಗ ನನ್ನದೇ ಅಲ್ವಾ? ಓನರ್ ಈಗ ಮೈಸೂರಿನಲ್ಲಿದ್ದಾರೆ, ಕೇಸು ಅಲ್ಲೇ ಹಾಕಬೇಕಾ?

ಕಪ್ಪುಕೋಟು

ಮಂಜಣ್ಣ, ಕಹಿ ಮಾತು ಮೊದಲು ಹೇಳಿಬಿಡುತ್ತೇನೆ. ಜಾಗ ನಿಮ್ಮದಲ್ಲ, ಯಾವತ್ತೂ ಆಗಿರಲಿಲ್ಲ. ಸ್ವತ್ತು ವರ್ಗಾವಣೆ ಕಾಯ್ದೆ 1882ರ 54ನೇ ಸೆಕ್ಷನ್ ಓದಿ. ಮಾರಾಟದ ಕರಾರಿನಿಂದಲೇ ಸ್ವತ್ತಿನ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಅಂತ ಅಲ್ಲೇ ಇದೆ. ನಿಮಗಿರುವುದು ಆ ಮನುಷ್ಯನ ಮೇಲಿನ ಹಕ್ಕು, ‘ಮಾತು ಕೊಟ್ಟಿದ್ದೀರಿ, ನಡೆಸಿಕೊಡಿ’ ಅಂತ ಕೇಳುವ ಹಕ್ಕು. ಮಣ್ಣಿನ ಮೇಲಿನ ಹಕ್ಕು ಬೇರೆ, ಅದು ರಿಜಿಸ್ಟರ್ ಆದ ಕ್ರಯಪತ್ರದಿಂದ ಬರುತ್ತದೆ, ಅದನ್ನು ಹಿಡಿದುಕೊಂಡು ಊರಲ್ಲಿ ಯಾರನ್ನು ಬೇಕಾದರೂ ‘ಆಚೆ ಹೋಗು’ ಅನ್ನಬಹುದು. ಜಿಪಿಎ (ಸಾಮಾನ್ಯ ಅಧಿಕಾರ) ಪತ್ರದ ಮೇಲೆ ಸೈಟು ಕೊಂಡವರಿಗೂ 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು.

ಹಾಗಂತ ಕೈಚೆಲ್ಲಬೇಡಿ. ಕರಾರು ಜಾರಿ ಮಾಡಿಸಿ ಅಂತ ದಾವೆ ಹಾಕಬಹುದು, ಹೊಸದಾಗಿ ಕೊಂಡವರನ್ನೂ ಪ್ರತಿವಾದಿ ಮಾಡಿ. ನಿರ್ದಿಷ್ಟ ಪರಿಹಾರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ನಿಮ್ಮ ಅಗ್ರಿಮೆಂಟಿನ ವಿಷಯ ಗೊತ್ತಿಲ್ಲದೆ, ಪೂರ್ತಿ ದುಡ್ಡು ಕೊಟ್ಟು, ಪ್ರಾಮಾಣಿಕವಾಗಿ ಕೊಂಡಿದ್ದರೆ ಅವರು ಬಚಾವ್. ನಿಮ್ಮ ಬೇಲಿ ಇಲ್ಲೇ ಕೆಲಸಕ್ಕೆ ಬರುತ್ತದೆ. ಜಾಗದಲ್ಲಿ ಯಾರಾದರೂ ನಿಜವಾಗಿ ಸ್ವಾಧೀನದಲ್ಲಿದ್ದರೆ, ಅವರ ಹಕ್ಕೇನು ಅನ್ನುವುದು ಕೊಳ್ಳುವವರಿಗೆ ಗೊತ್ತಿತ್ತು ಅಂತಲೇ ಕಾನೂನು ಹಿಡಿಯುತ್ತದೆ. ಬೇರೆಯವರ ಬೀಗ ನೋಡಿದ ಮೇಲೂ ಯಾರದು ಅಂತ ವಿಚಾರಿಸದೆ ಕೊಂಡರೆ ಕೋರ್ಟು ಸುಮ್ನೆ ಬಿಡುವುದಿಲ್ಲ. ಬರೀ ಬೇಲಿಗೇ ಸ್ವಾಧೀನ ಅನ್ನುತ್ತಾರಾ ಅನ್ನುವುದು ಬೇರೆ ಜಗಳ. ಆ ಆಂಟಿ ನಿಮ್ಮ ಸಾಕ್ಷಿ, ಅವರ ಜೊತೆ ಚೆನ್ನಾಗಿರಿ.

ಲೋನ್ ಮಂಜೂರಾದ ಪತ್ರ ಇದ್ದರೆ ಎತ್ತಿಡಿ. ಮಿಕ್ಕ 33 ಲಕ್ಷ ಕೊಡಲು ನೀವು ಸದಾ ತಯಾರಿದ್ದಿರಿ ಅಂತ ತೋರಿಸಲೇಬೇಕು. ಮುಂಗಡ ವಾಪಸ್ ಬೇಕು ಅನ್ನುವುದನ್ನೂ ದಾವೆಯಲ್ಲಿ ಬಿಡಿಸಿ ಕೇಳಿ, ಕೇಳದೆ ಇದ್ದರೆ ಕೋರ್ಟು ತಾನಾಗಿ ಕೊಡುವುದಿಲ್ಲ.

ಪದ್ಮಕ್ಕ, ರಾಜಾಜಿನಗರ

ಆ 12 ವರ್ಷದ ಮಾತು ನಂಬಬೇಡಿ ತಮ್ಮಾ, ನಮ್ಮ ಮನೆ ಅದರಲ್ಲೇ ಮುಳುಗಿತು. ನಮ್ಮ ಯಜಮಾನರು ಹೀಗೇ ಒಂದು ಅಗ್ರಿಮೆಂಟ್ ಇಟ್ಟುಕೊಂಡು ಐದು ವರ್ಷ ಕಾದರು, ಜಾಗದ ವ್ಯವಹಾರ ಅಲ್ವಾ, 12 ವರ್ಷ ಇದೆ ಅಂತ ಯಾರೋ ಹೇಳಿದ್ದರು. ಹಾಕಿದ ದಾವೆ ಕಾಲ ಮೀರಿದೆ ಅಂತ ವಜಾ ಆಯಿತು. 12 ವರ್ಷ ಇರುವುದು, ಜಾಗ ಆಗಲೇ ನಿಮ್ಮದಾಗಿದ್ದು ಬೇರೆಯವರಿಂದ ಸ್ವಾಧೀನ ಬಿಡಿಸಿಕೊಳ್ಳುವುದಕ್ಕೆ. ಅಗ್ರಿಮೆಂಟಿಗೆ ಮೂರೇ ವರ್ಷ. ಕಾಗದದಲ್ಲಿ ತಾರೀಕು ಹಾಕಿದ್ದರೆ ಆ ತಾರೀಕಿನಿಂದ, ಇಲ್ಲದಿದ್ದರೆ ಮಾಡಿಕೊಡಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ನಿಮ್ಮದು 2024ರ ಫೆಬ್ರವರಿ ಅಂದರೆ 2027ರ ಫೆಬ್ರವರಿಗೆ ಮುಗಿಯಿತು. ನಮ್ಮ ಅಗ್ರಿಮೆಂಟ್ ಈಗಲೂ ಬೀರುವಿನಲ್ಲಿದೆ, ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದಾರೆ. ಏನು ಮಾಡುವುದಕ್ಕೋ.

ಕಪ್ಪುಕೋಟು

ಪದ್ಮಕ್ಕ ಹೇಳಿದ್ದು ಅಕ್ಷರಶಃ ಸರಿ, ನಾನೇ ಮೊದಲು ಹೇಳಬೇಕಿತ್ತು. ಮೈಸೂರಿನ ಪ್ರಶ್ನೆಗೆ: ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಸೆಕ್ಷನ್ ಪ್ರಕಾರ ಜಾಗ ಎಲ್ಲಿದೆಯೋ ಕೇಸು ಅಲ್ಲಿ. ಪ್ರತಿವಾದಿ ತಾನೇ ಪಾಲಿಸಿದರೆ ಸಾಕು ಅನ್ನುವಂಥ ಆದೇಶವಾದರೆ ಅವನು ಇರುವ ಊರಲ್ಲೂ ಹಾಕಬಹುದು ಅಂತ ಒಂದು ವಿನಾಯಿತಿ ಇದೆ, ಆದರೆ ನಿಮಗೆ ಸ್ವಾಧೀನವೂ ಬೇಕಲ್ಲ. ಗುರುಗ್ರಾಮದ ಪ್ಲಾಟಿಗೆ ದೆಹಲಿಯಲ್ಲಿ ಕೇಸು ಹಾಕಿದವರೊಬ್ಬರಿಗೆ 2005ರಲ್ಲಿ ಸುಪ್ರೀಂ ಕೋರ್ಟ್ ‘ಇಲ್ಲಿ ನಡೆಯಲ್ಲ’ ಅಂತ ಹೇಳಿತು. ಬೆಂಗಳೂರಲ್ಲೇ ಹಾಕಿ. ಬೇಗ ಹಾಕಿ, ಸ್ಟೇ ಕೇಳಿ. ಒಮ್ಮೆ ದಾವೆ ದಾಖಲಾದರೆ ಆಮೇಲೆ ಯಾರೇ ಕೊಂಡರೂ ನಿಮ್ಮ ಕೇಸಿನ ತೀರ್ಪಿಗೆ ಕಟ್ಟುಬಿದ್ದೇ ಕೊಳ್ಳಬೇಕು, ಅದು ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್.

ಛಾಪಾಕಾಗದ

ಬೇಲಿ, ಸ್ವಾಧೀನ ಅಂತ ಎಲ್ಲರೂ ಹುರಿದುಂಬಿಸುತ್ತಿದ್ದೀರಿ, ಒಂದು ಗುಂಡಿ ಇದೆ ನೋಡಿಕೊಳ್ಳಿ. ಅಗ್ರಿಮೆಂಟಿನಲ್ಲೇ ‘ಸ್ವಾಧೀನ ಕೊಟ್ಟಿದ್ದೇವೆ’ ಅಂತ ಬರೆದಿದ್ದರೆ ಕರ್ನಾಟಕದಲ್ಲಿ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಅಷ್ಟು ಕಟ್ಟಿಲ್ಲದ ಕಾಗದ ಕೋರ್ಟಿನಲ್ಲಿ ಹಾಜರುಪಡಿಸಿದರೆ ಕಡಿಮೆ ಬಿದ್ದ ಮೊತ್ತ, ಅದರ ಮೇಲೆ ಹತ್ತು ಪಟ್ಟು ದಂಡ. ಅದು ಕಟ್ಟುವ ತನಕ ಕಾಗದವನ್ನು ಸಾಕ್ಷ್ಯಕ್ಕೆ ತಗೊಳ್ಳಲ್ಲ. 42 ಲಕ್ಷಕ್ಕೆ ಲೆಕ್ಕ ಹಾಕಿ, ತಲೆ ತಿರುಗುತ್ತದೆ. ರಿಜಿಸ್ಟರ್ ಆಗಿಲ್ಲ ಅನ್ನುವುದು ಅಷ್ಟು ದೊಡ್ಡ ತೊಂದರೆ ಅಲ್ಲ, ಕರಾರು ಜಾರಿಯ ದಾವೆಯಲ್ಲಿ ಅದು ಸಾಕ್ಷ್ಯವಾಗಿ ನಡೆಯುತ್ತದೆ. ಆದರೆ ರಿಜಿಸ್ಟರ್ ಮಾಡಿಸಿದ್ದರೆ ಇ.ಸಿ.ಯಲ್ಲಿ ನಿಮ್ಮ ಹೆಸರು ಕಾಣುತ್ತಿತ್ತು, ‘ನಮಗೆ ಗೊತ್ತೇ ಇರಲಿಲ್ಲ’ ಅನ್ನಲು ಅವರಿಗೆ ಬಾಯಿಯೇ ಇರುತ್ತಿರಲಿಲ್ಲ.

ಉಲ್ಲಾಳದ ಮಂಜ

ಈಗಷ್ಟೇ ಅಗ್ರಿಮೆಂಟ್ ತೆಗೆದು ನೋಡಿದೆ. ಮೂರನೇ ಪುಟದಲ್ಲಿ ‘ಸ್ವಾಧೀನವನ್ನು ಕ್ರಯಪತ್ರದ ದಿನ ಬಿಟ್ಟುಕೊಡುವುದು’ ಅಂತಿದೆ. ಹಾಗಾದರೆ ಹತ್ತು ಪಟ್ಟು ತಪ್ಪಿತು, ಆದರೆ ಬೇಲಿ ಯಾರನ್ನು ಕೇಳಿ ಹಾಕಿದೆ ಅಂತ ಅವರ ಲಾಯರ್ ಕೇಳುತ್ತಾರೆ ಅಲ್ವಾ? ಓನರ್ ಬಾಯಲ್ಲಿ ಹೇಳಿದ್ದರು. ವಾಟ್ಸಾಪ್ ಹುಡುಕಿದೆ, ‘ಬೇಲಿ ಹಾಕ್ಸಿ ಪರ್ವಾಗಿಲ್ಲ, ದನ ನುಗ್ತಾವೆ’ ಅಂತ ಅವರೇ ಕಳಿಸಿದ ವಾಯ್ಸ್ ಮೆಸೇಜ್ ಸಿಕ್ಕಿತು. ಸೋಮವಾರ ಲಾಯರ್ ಹತ್ತಿರ ಹೋಗುತ್ತಿದ್ದೇನೆ, ಆ ಫೋನು ಹಾಗೇ ಇಟ್ಟಿದ್ದೇನೆ.