ಬೆಳಗಾವಿ ಟಿಳಕವಾಡಿಯ ಎರಡು ಕೋಣೆ ಮನೆಗೆ ಜಾಝ್ ತರಬೇಕಾ? ಅನುಭವ ಇದ್ದವರು ಹೇಳಿ

ಟಿಳಕವಾಡಿ ಬಾಡಿಗೆದಾರ: ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ನನಗೆ ಅಮೆರಿಕದ ಜಾಝ್, ಸೋಲ್ ಸಂಗೀತ ಅಂದರೆ ಪ್ರಾಣ. ಹೆಂಡತಿ ಹಾರ್ಮೋನಿಯಂ ನುಡಿಸಿ ಅಭಂಗ, ನಾಟ್ಯಗೀತೆ ಹಾಡುತ್ತಾಳೆ. ನಾನು ಇಯರ್‌ಫೋನ್ ಹಾಕಿ ಕೂತರೆ ಅವಳಿಗೆ ಬೇಜಾರು. ಒಂದು ರೆಕಾರ್ಡ್ ಪ್ಲೇಯರ್ ತಂದು ಇಬ್ಬರೂ ಕೂತು ಕೇಳೋಣ ಅಂತ ಆಸೆ. 40 ಸಾವಿರದವರೆಗೆ ಹಾಕಬಲ್ಲೆ. ಕೆಳಗೆ ಮನೆ ಮಾಲೀಕರಿದ್ದಾರೆ. ಮಾಡಿ ನೋಡಿದವರು ಹೇಳಿ.

ಶಹಾಪುರದ ಕೇಳುಗ: ತನ್ನಿ, ಆದರೆ ಅಮೆರಿಕದ್ದು ಮಾತ್ರ ಬೇಡ. ನನ್ನ ಭಾವ ಅಲ್ಲಿಂದ ಹಳೇ ಪ್ಲೇಯರ್ ಫ್ರೀಯಾಗಿ ಕಳಿಸಿದರು. ಫ್ರೀ ಅಂದರೆ ಸಾಗಣೆಗೆ 9 ಸಾವಿರ. ಅದು 110 ವೋಲ್ಟಿನದು, ಟ್ರಾನ್ಸ್‌ಫಾರ್ಮರ್‌ಗೆ ಮತ್ತೆ 1,800. ಜೋಡಿಸಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ರೆಕಾರ್ಡು ಹಾಕಿದರೆ ಟ್ರಂಪೆಟ್ ನಿದ್ದೆಗಣ್ಣಲ್ಲಿ ಊದಿದಂತೆ ಕೇಳಿಸಿತು. ಮನೆಯವಳು ಗಾಂಧರ್ವ ಸಂಗೀತ ಪರೀಕ್ಷೆ ಕಟ್ಟಿದವಳು. ಅದನ್ನೇ ಫೋನಿನಲ್ಲೂ ಹಾಕಿಸಿ, ಹಾರ್ಮೋನಿಯಂ ಮುಂದಿಟ್ಟುಕೊಂಡು, ‘ಮೂರು ಮನೆ ಇಳಿದಿದೆ ರೀ’ ಅಂದಳು. ಸರಿಯಾಗೇ ಇತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟ್ ಬದಲಿಸುತ್ತದೆ, ಹರ್ಟ್ಸ್ (ಕರೆಂಟು ಸೆಕೆಂಡಿಗೆ ಎಷ್ಟು ಆವರ್ತ ಹಾಕುತ್ತದೆ ಅನ್ನುವ ಲೆಕ್ಕ) ಬದಲಿಸುವುದಿಲ್ಲ. ಅಲ್ಲಿ 60, ಇಲ್ಲಿ 50. ಆ ಮೋಟರು ಕರೆಂಟಿನ ಹರ್ಟ್ಸ್ ಹಿಡಿದೇ ತಿರುಗುವಂಥದ್ದು. ನಿಮಿಷಕ್ಕೆ ಮೂವತ್ಮೂರು ಸುತ್ತು ಬರಬೇಕಾದ ರೆಕಾರ್ಡು ಇಪ್ಪತ್ತೆಂಟೂ ಬರುತ್ತಿರಲಿಲ್ಲ.

ಬೆಳಗಾವಿಯಲ್ಲಿ ಲೇತ್‌ಗೆ ಬರವಾ? ಉದ್ಯಮಬಾಗದಲ್ಲಿ ಮೋಟರಿಗೆ ಮೊದಲಿದ್ದುದಕ್ಕಿಂತ ಐದನೇ ಒಂದು ಪಾಲು ಹೆಚ್ಚು ದಪ್ಪದ ಪುಲ್ಲಿ ತಿರುವಿಸಿದೆ. ಮೊದಲನೆಯದು ಕೂದಲೆಳೆ ಓರೆ, ಪಿಯಾನೋ ಸ್ವರ ಅಲೆದಾಡಿತು. 600 ಹೋಯಿತು. ಎರಡನೆಯದು ಸರಿ ಕೂತಿತು, 750. ಆಮೇಲೆ ಮಳೆಗಾಲ. ಜುಲೈನಲ್ಲಿ ಕಪಾಟು ತೆಗೆದರೆ ರೆಕಾರ್ಡಿನ ತುಂಬ ಬೂಷ್ಟು. ಹೊರಗಿನ ರಟ್ಟು ಹೋದರೆ ಹೋಗಲಿ, ಗೆರೆಯೊಳಗೆ ಕೂತ ಬೂಷ್ಟು ಸೂಜಿಯನ್ನೂ ತಿನ್ನುತ್ತದೆ. ಸೂಜಿ 2,400. ಈಗ ಕಪಾಟಿನಲ್ಲಿ ಸಿಲಿಕಾ ಪೊಟ್ಟಣ, ಒಂದು ಸಣ್ಣ ಬಲ್ಬು. ಆದರೂ ಹೇಳುತ್ತೇನೆ, ಆ ಹಾರ್ಮೋನಿಯಂ ಸಂಜೆಯ ನಂತರವೇ ಅವಳು ಜಾಝ್ ಕೇಳಲು ಕೂತದ್ದು. ತಪ್ಪು ಹಿಡಿಯಲು ಕೂತಳು, ಆಮೇಲೆ ಏಳಲಿಲ್ಲ.

ವಿಜಯಪುರ ಧೂಳು: ಇಷ್ಟೆಲ್ಲ ಸರ್ಕಸ್ ಯಾಕೆ? ನಾನು 14 ಸಾವಿರದ ಸ್ಪೀಕರ್ ತಂದೆ, ಫೋನ್ ಜೋಡಿಸಿದೆ, ಮುಗಿಯಿತು. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬಿಸಿಲು ತಾಗಿದರೆ ರೆಕಾರ್ಡು ಹಪ್ಪಳ ಆಗುತ್ತದೆ. ಧೂಳಂತೂ ಕೇಳಲೇಬೇಡಿ. ಇನ್ನು ‘ಒರಿಜಿನಲ್ ಸೌಂಡ್’ ಅನ್ನುವ ಬಡಾಯಿ. ಡೇವಿಸ್‌ರ 1959ರ ‘ಕೈಂಡ್ ಆಫ್ ಬ್ಲೂ’ ಎಲ್ಪಿ ರೆಕಾರ್ಡಿನ ಮೊದಲ ಬದಿ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ತಪ್ಪು ಶ್ರುತಿಯಲ್ಲೇ ಮಾರಾಟವಾಯಿತು. 1992ರಲ್ಲಿ ತಿದ್ದಿದರು. ನಿಮ್ಮ ಹಳೇ ರೆಕಾರ್ಡಿನಲ್ಲಿ ಇಂದಿಗೂ ಏರು ಶ್ರುತಿಯೇ ಇದೆ ಸ್ವಾಮಿ.

ಶಹಾಪುರದ ಕೇಳುಗ: ಅದು ರೆಕಾರ್ಡಿನ ತಪ್ಪಲ್ಲ. ಆ ದಿನ ಸ್ಟುಡಿಯೋದ ಟೇಪ್ ಮಷೀನು ಸ್ವಲ್ಪ ನಿಧಾನ ಓಡಿತ್ತು. ನಿಧಾನಕ್ಕೆ ಮುದ್ರಿಸಿ ಸರಿ ವೇಗದಲ್ಲಿ ಬಾರಿಸಿದರೆ ಶ್ರುತಿ ಏರುತ್ತದೆ. ಅರ್ಧ ತಿಳಿದು ಮಾತಾಡಬೇಡಿ.

ವಿಜಯಪುರ ಧೂಳು: ಪುಲ್ಲಿಗೆ 1,350 ಸುರಿದವರು ನನಗೆ ಪಾಠ ಹೇಳುತ್ತಿದ್ದಾರೆ.

ನವನಗರ, ಬಾಗಲಕೋಟೆ: ಗಂಡಸರ ಮೋಟರು ಪುರಾಣ ಮುಗಿದಿದ್ದರೆ ನಾನೂ ಒಂದು ಮಾತು ಹೇಳಲಾ? ಪ್ರೀತಿ ಬಗ್ಗೆ ಕೇಳಿದ್ದಾರೆ, ಯಾರೂ ಅದನ್ನು ಮುಟ್ಟಿಲ್ಲ. ನಮ್ಮ ಮನೆಯಲ್ಲಿ ಸೋಲ್ ಶುರುವಾದದ್ದು ಅಡುಗೆಮನೆಯಲ್ಲಿ. ನಮ್ಮವರು ಸೋಲ್ ಗಾಯಕ ಓಟಿಸ್ ರೆಡ್ಡಿಂಗ್ ಭಕ್ತರು. 1967ರಲ್ಲಿ ವಿಮಾನ ಬಿದ್ದು ತೀರಿಕೊಂಡಾಗ ಆತನಿಗೆ ಬರೀ 26 ವಯಸ್ಸು ಅಂತ ಪ್ರತಿ ಸಲ ಹೇಳಿ ಕಣ್ಣೊರೆಸಿಕೊಳ್ಳುತ್ತಾರೆ. 1965ರ ‘ರೆಸ್ಪೆಕ್ಟ್’ ಆತನದೇ. ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಕೇಳುವ ಹಾಡು. ಇವರು ಆಫೀಸಿನಿಂದ ಬಂದು ಬೇಕಂತಲೇ ಅದನ್ನೇ ಹಾಕುತ್ತಿದ್ದರು. ನಾನು ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡೆ. ಗಾಯಕಿ ಅರೀಥಾ ಫ್ರಾಂಕ್ಲಿನ್ 1967ರಲ್ಲಿ ಹಾಡಿದ್ದನ್ನು ನಮ್ಮ ಮಗಳು ಹುಡುಕಿಕೊಟ್ಟಳು. ಅದೇ ಹಾಡು, ಆದರೆ ಮರ್ಯಾದೆ ಕೇಳುವವಳು ಹೆಣ್ಣು. ಮರುದಿನ ಇವರು ಬಾಗಿಲು ತೆಗೆಯುವಷ್ಟರಲ್ಲಿ ಅದು ಜೋರಾಗಿ ಶುರುವಾಗಿತ್ತು. ನಕ್ಕರು, ಚಪ್ಪಲಿ ಬಿಟ್ಟು ಒಳಗೆ ಬಂದು ತಟ್ಟೆ ಹಾಕಿದರು. ಈಗಲೂ ಜಗಳ ಆದಾಗ ಯಾರು ಮೊದಲು ಹಾಕುತ್ತಾರೋ ಅವರದೇ ಗೆಲುವು. ಖರ್ಚು? ಮೂರು ಸಾವಿರದ ಸ್ಪೀಕರ್. ಎಣ್ಣೆ ಹತ್ತಿ ಅದರ ಗುಂಡಿ ಅಂಟುತ್ತದೆ, ಅಷ್ಟೆ.

ಕ್ಯಾಂಪ್ ಸ್ಯಾಕ್ಸೋಫೋನ್: ಸೋಲ್ ಚೆನ್ನಾಗಿದೆ, ಆದರೆ ಕುಣಿಸುವ ಹಾಡು. ಜಾಝ್‌ನಲ್ಲಿ ವಿಚಾರ ಇದೆ. ನಾನು ಕೇಳಿ ಸುಮ್ಮನಾಗಲಿಲ್ಲ, ಆಲ್ಟೋ ಸ್ಯಾಕ್ಸ್ ಕೊಂಡೆ. ಸೆಕೆಂಡ್ ಹ್ಯಾಂಡ್, 38 ಸಾವಿರ. ಮಾರಿದವನು ತೂತು ಮುಚ್ಚುವ ‘ಪ್ಯಾಡ್ ಹೊಸದು’ ಅಂದ. ಕೆಳಗಿನ ಸ್ವರ ಬರಲೇ ಇಲ್ಲ, ಎಲ್ಲಾ ಕಡೆ ಗಾಳಿ ಸೋರುತ್ತಿತ್ತು. ಮುಂಬೈಗೆ ಕಳಿಸಿ ಪ್ಯಾಡ್ ಹಾಕಿಸಲು 11 ಸಾವಿರ, ಬಸ್ ಪಾರ್ಸಲ್ ಬೇರೆ. ಊದುವ ತುದಿಯ ರೀಡು ಒಂದಕ್ಕೆ 300ರ ಮೇಲೆ, ಮಳೆಗಾಲದಲ್ಲಿ ಡೊಂಕಾಗುತ್ತದೆ. ಪಕ್ಕದ ಮನೆಯವರು ಎಮ್ಮೆ ಕಟ್ಟಿದ್ದೀರಾ ಅಂತ ಕೇಳಿದರು. ಕದ್ರಿ ಗೋಪಾಲನಾಥರು ಇದೇ ವಾದ್ಯದಲ್ಲಿ ಕರ್ನಾಟಕ ಸಂಗೀತ ಕಚೇರಿ ಮಾಡಿದರು ಅಂದರೆ ನಂಬುವುದಿಲ್ಲ. ಹೆಂಡತಿ ನಂಬಿದಳು. ನಾನು ಊದುವಾಗ ಬಾಗಿಲು ಹಾಕಿಕೊಂಡು ಅದೇ ಕೋಣೆಯಲ್ಲಿ ಕೂರುತ್ತಾಳೆ, ಅದಕ್ಕಿಂತ ಇನ್ನೇನು ಬೇಕು.

ನವನಗರ, ಬಾಗಲಕೋಟೆ: ಕುಣಿಸುವ ಹಾಡಾ? ಅರೀಥಾ ಚರ್ಚಿನಲ್ಲಿ ಹಾಡಿ ಬೆಳೆದವಳು, ಅಪ್ಪ ಪಾದ್ರಿ. ಸೋಲ್ ಹುಟ್ಟಿದ್ದೇ ಆ ಭಜನೆಯಿಂದ. ವಿಚಾರ ನಿಮ್ಮ ಎಮ್ಮೆಗೆ ಹೇಳಿ.

ಕ್ಯಾಂಪ್ ಸ್ಯಾಕ್ಸೋಫೋನ್: ಅವಮಾನ ಮಾಡಲು ಬಂದಿದ್ದೀರಾ? ಜಾಝ್ ಸ್ಯಾಕ್ಸ್ ವಾದಕ ಕೋಲ್ಟ್ರೇನ್ ರವಿಶಂಕರರ ಸಿತಾರ್ ಕೇಳಿ, ಮಗನಿಗೆ ರವಿ ಅಂತ ಹೆಸರಿಟ್ಟರು. ಜಾಝ್ ನಮ್ಮ ರಾಗಕ್ಕೆ ಹತ್ತಿರ ಅಂತ ಮಾತ್ರ ನಾನು ಹೇಳಿದ್ದು.

ಶಹಾಪುರದ ಕೇಳುಗ: ನೀವು ಹಾಗೆ ಹೇಳೇ ಇಲ್ಲ. ಹತ್ತಿರವೂ ಅಲ್ಲ. ರಾಗಕ್ಕೆ ಷಡ್ಜ ಅಲ್ಲಾಡುವುದಿಲ್ಲ, ಜಾಝ್‌ನಲ್ಲಿ ಕಾರ್ಡು (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಬದಲಾದಂತೆ ನೆಲವೇ ಸರಿಯುತ್ತದೆ. ಡೇವಿಸ್‌ರ ಆ ಎಲ್ಪಿಯಲ್ಲಿ ಕಾರ್ಡು ಕಡಿಮೆ, ಒಂದೇ ಸ್ಕೇಲಿನಲ್ಲಿ ತುಂಬ ಹೊತ್ತು ನಿಲ್ಲುತ್ತಾರೆ. ಅದಕ್ಕೇ ನಮ್ಮವಳಿಗೆ ಅದು ಹಿಡಿಸಿತು. ಸುಲೇಭಾವಿಯಲ್ಲಿ ಕುಮಾರ ಗಂಧರ್ವರು ಹುಟ್ಟಿದ ಜಿಲ್ಲೆ ಇದು, ಕಿವಿ ಸ್ವಲ್ಪ ಇರಲಿ.

ವಿಜಯಪುರ ಧೂಳು: ಗಂಧರ್ವರು ಬಂದರು, ಇನ್ನು ಕುಂದಾ ಬರುವುದೊಂದು ಬಾಕಿ. ಬೂಷ್ಟಿಗೆ ಆಲ್ಕೋಹಾಲ್ ಹಚ್ಚಿ ಒರೆಸಿ, ಹೋಗುತ್ತದೆ. ಇಷ್ಟು ದೊಡ್ಡ ಕಥೆ ಬೇಡ.

ಶಹಾಪುರದ ಕೇಳುಗ: ಯಾರೂ ಹಾಗೆ ಮಾಡಬೇಡಿ! ವಿನೈಲ್‌ಗೆ ನೀರು ಬೆರೆಸಿ ಸ್ವಲ್ಪ ಹಚ್ಚಿದರೆ ನಡೆಯುತ್ತದೆ. ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತಿನ ತಟ್ಟೆಗೆ ಹಚ್ಚಿದರೆ ಅದರ ಶೆಲ್ಯಾಕ್ (ಅರಗು) ಕರಗಿ ಬರುತ್ತದೆ. ನನ್ನ ಸೋದರಮಾವ ಇಂಥದೇ ಸಲಹೆ ಕೇಳಿ ನಾಟ್ಯಗೀತೆಯ ತಟ್ಟೆ ಕಳೆದುಕೊಂಡರು. ಇಡೀ ಒಂದು ಬದಿ.

ಟಿಳಕವಾಡಿ ಬಾಡಿಗೆದಾರ: ಎಲ್ಲರಿಗೂ ಥ್ಯಾಂಕ್ಸ್. ಕೆಳಗಿನ ಮಾಲೀಕರ ಬಗ್ಗೆ ಯಾರೂ ಹೇಳಲಿಲ್ಲ. ಅವರನ್ನೇ ಕೇಳಿದೆ, ಒಂಬತ್ತರವರೆಗೆ ಅಡ್ಡಿಯಿಲ್ಲ ಅಂದರು. ಮನೆಗೆ ಅರ್ಥಿಂಗ್ ಮಾತ್ರ ಇಲ್ಲವಂತೆ. ಪ್ಲೇಯರ್ ಗುಂಯ್ ಅನ್ನುತ್ತದಾ?

ಶಹಾಪುರದ ಕೇಳುಗ: ಅನ್ನಬಹುದು. ಪ್ಲೇಯರಿನ ಅರ್ಥ್ ತಂತಿಯನ್ನು ಆಂಪ್ಲಿಫೈಯರ್ ಸ್ಕ್ರೂಗೆ ಬಿಗಿಯಿರಿ, ಎಷ್ಟೋ ಕಡಿಮೆಯಾಗುತ್ತದೆ. ಮನೆಗೂ ಅರ್ಥಿಂಗ್ ಹಾಕಿಸಿ, ಅದು ಸಂಗೀತಕ್ಕಲ್ಲ, ಶಾಕಿಗೆ.

ಕ್ಯಾಂಪ್ ಸ್ಯಾಕ್ಸೋಫೋನ್: ತಂತಿ ಇರಲಿ. ನಿಮ್ಮ ಮನೆಯವರು ಹಾರ್ಮೋನಿಯಂನ ಯಾವ ಪಟ್ಟಿಯಲ್ಲಿ ಹಾಡುತ್ತಾರೆ, ಕಪ್ಪು ನಾಲ್ಕಾ ಐದಾ? ನನ್ನ ಆಲ್ಟೋ ‘E ಫ್ಲಾಟ್’ ಶ್ರುತಿಯದು, ಲೆಕ್ಕ ಹಾಕಬೇಕು. ಕ್ಯಾಂಪಿನಿಂದ ಟಿಳಕವಾಡಿ ಏನು ದೂರ, ಭಾನುವಾರ ಬರುತ್ತೇನೆ.

ನವನಗರ, ಬಾಗಲಕೋಟೆ: ಮಾಲೀಕರಿಗೆ ಮೊದಲೇ ಹೇಳಿಡಿ.