ಜೇನಿನ ಅಂಟು ಹಲ್ಲಿಗೆ ಮದ್ದಾ? ಮೆಸೇಜ್ ಗುಂಪಿನಲ್ಲಿ ದಂತವೈದ್ಯರ ಜೊತೆ ಪ್ರಶ್ನೋತ್ತರ

ಗದಗ ಸದಸ್ಯೆ: ಡಾಕ್ಟರೇ, ಪ್ರೊಪೋಲಿಸ್ ಹನಿ ಬಿಟ್ಟರೆ ಹುಳುಕು ಹಲ್ಲು ತಾನೇ ತುಂಬಿಕೊಳ್ಳುತ್ತೆ ಅಂತ ಮೆಸೇಜ್ ಬಂದಿದೆ. ನಿಜವಾ?

ಡಾಕ್ಟರ್: ಸುಳ್ಳು. ಜೇನುಹುಳ ಮರದ ಮೊಗ್ಗು, ತೊಗಟೆಯಿಂದ ಅಂಟು ತಂದು, ಮೇಣ ಬೆರೆಸಿ ಗೂಡಿನ ಬಿರುಕು ಮುಚ್ಚುತ್ತದೆ. ಅದೇ ಪ್ರೊಪೋಲಿಸ್. ಬ್ಯಾಕ್ಟೀರಿಯಾ ತಡೆಯುವ ಗುಣ ಇದೆ. ಅದು ಹಾಕಿದ ಮೌತ್‌ವಾಶ್‌ನಿಂದ ವಸಡಿನ ಊತ ಇಳಿದದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ಹಲ್ಲಿನ ತೂತು ಮಾತ್ರ ಮುಚ್ಚಲ್ಲ. ಸಿಮೆಂಟ್ ತುಂಬಿಸಿಕೊಳ್ಳಿ.

ರಾಣೆಬೆನ್ನೂರು ಸದಸ್ಯ: ಹುಳುಕಿಗೆ ಎಷ್ಟು ಹನಿ ಸರ್?

ಡಾಕ್ಟರ್: ಮೇಲೆ ಓದಿ.

ಹಳೇ ಹುಬ್ಬಳ್ಳಿ ಸದಸ್ಯೆ: ನಮ್ಮ ಮನೆಯವರಿಗೆ 42. ಕೆನ್ನೆಯ ಒಳಗೆ ಹುಣ್ಣಾಗಿ ತಿಂಗಳಾಯಿತು. ದಿನಾ ಇದನ್ನೇ ಹಚ್ಚುತ್ತಾರೆ. ನೋವಿಲ್ಲ ಅಂತಾರೆ, ಆದರೆ ರೊಟ್ಟಿಗೆ ಕೆಂಪು ಚಟ್ನಿ ಬಿಟ್ಟಿದ್ದಾರೆ, ಉರಿಯುತ್ತಂತೆ. ಗುಟ್ಕಾ ಬಿಟ್ಟಿಲ್ಲ.

ಡಾಕ್ಟರ್: ಅಕ್ಕಾ, ಅವರದೇ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ, ಬಾಯಿ ಅಗಲಿಸಿದಾಗ ಮೇಲಿನ-ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸುತ್ತವಾ ನೋಡಿ.

ಹಳೇ ಹುಬ್ಬಳ್ಳಿ ಸದಸ್ಯೆ: ಎರಡೇ ಹೋದವು. ಅದೂ ಬಿಗಿ.

ಡಾಕ್ಟರ್: ಬಾಟಲಿ ಎತ್ತಿಡಿ. ಅಡಿಕೆ, ಗುಟ್ಕಾ ಅಗಿದು ಅಗಿದು ಕೆನ್ನೆಯ ಒಳಪದರ ನಾರುಗಟ್ಟಿದಾಗ ಬಾಯಿ ಹೀಗೇ ಬಿಗಿಯುತ್ತದೆ. ಖಾರ ತಾಳದಿರುವುದು ಅದರ ಮೊದಲ ಗುರುತು. ಮುಂದೆ ಕ್ಯಾನ್ಸರ್ ಆಗುವ ಅಪಾಯ ಇದೆ. ಎರಡು ವಾರ ದಾಟಿದ ಯಾವ ಹುಣ್ಣನ್ನೂ ತೋರಿಸಲೇಬೇಕು. ನೋವಿಲ್ಲ ಅಂತ ಸಮಾಧಾನ ಬೇಡ, ಶುರುವಿನಲ್ಲಿ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಕರೆದುಕೊಂಡು ಹೋಗಿ. ಬಯಾಪ್ಸಿ ಮಾಡಬೇಕು, ಹುಣ್ಣಿನ ಚೂರು ತೆಗೆದು ಪರೀಕ್ಷಿಸಬೇಕು ಅಂದರೆ ಹೆದರಬೇಡಿ.

ಬ್ಯಾಡಗಿ ಸದಸ್ಯ: ಚೂರು ತೆಗೆದರೆ ಹರಡುತ್ತೆ, ಮಾಡಿಸಬೇಡಿ ಅಕ್ಕಾ. ಪ್ರೊಪೋಲಿಸ್‌ಗೆ ಅರಿಶಿನ ಬೆರೆಸಿ ಹಚ್ಚಿ.

ಡಾಕ್ಟರ್: ಇದನ್ನು ಅಳಿಸಿ. ಈ ಮಾತು ನಂಬಿ ತಡವಾಗಿ ಬಂದವರ ಬಾಯಿ ನೋಡೋನು ನಾನು, ನೀವಲ್ಲ.

ಧಾರವಾಡ ಜೇನು ಕೃಷಿಕ: ನಮ್ಮ ತುಡುವೆ ಜೇನು ಈ ಅಂಟು ಅಷ್ಟಾಗಿ ಕೂಡಿಸುವುದೇ ಇಲ್ಲ. ಹೊರದೇಶದಿಂದ ಬಂದ ಮೆಲ್ಲಿಫೆರಾ, ಚುಚ್ಚದ ಮುಜಂಟಿ ಜೇನು ಕೂಡಿಸುತ್ತವೆ. ‘ತುಡುವೆ ಪ್ರೊಪೋಲಿಸ್’ ಅಂತ ಮಾರೋರು ಏನು ತುಂಬಿದ್ದಾರೋ!

ಬ್ಯಾಡಗಿ ಸದಸ್ಯ: ನಿಮ್ಮ ಪೆಟ್ಟಿಗೆ ವ್ಯಾಪಾರ ಗೊತ್ತು ಬಿಡ್ರಿ.

ಧಾರವಾಡ ಜೇನು ಕೃಷಿಕ: ಜೇನುತುಪ್ಪ ಮಾರ್ತೀನಿ, ಔಷಧ ಅಲ್ಲ. ನಿಮಗೆ ಬಾಟಲಿಗೆ ಎಷ್ಟು ಕಮಿಷನ್?

ಸವಣೂರು ಸದಸ್ಯ: ಕೊರಿಯರ್‌ನಲ್ಲಿ ಸಿಗುತ್ತಾ?

ಕುಂದಗೋಳ ಸದಸ್ಯೆ: ನನಗೆ ಹಚ್ಚಿದ ಮೇಲೆ ತುಟಿ ಊದಿತು. ದುಡ್ಡು ಕೊಟ್ಟಿದ್ದೀನಿ, ಮುಗಿಸಲಾ?

ಡಾಕ್ಟರ್: ಬೇಡ. ಅಲರ್ಜಿ. ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಆಸ್ಪತ್ರೆಗೆ.

ರಾಣೆಬೆನ್ನೂರು ಸದಸ್ಯ: ಸರ್, ಹನಿ ಲೆಕ್ಕ?

ಹಳೇ ಹುಬ್ಬಳ್ಳಿ ಸದಸ್ಯೆ: ಇವರು ಒಪ್ಪುತ್ತಿಲ್ಲ ಡಾಕ್ಟರೇ. ಹಬ್ಬ ಮುಗೀಲಿ ಅಂತಾರೆ.

ಡಾಕ್ಟರ್: ಫೋನ್ ಅವರ ಕೈಗೆ ಕೊಡಿ. ನಾನು ಬರೆದದ್ದನ್ನ ಅವರೇ ಓದಲಿ.